ಹನ್ನೊಂದಕ್ಕೆ ಮದುಮಗಳು, ಹದಿನಾಲ್ಕಕ್ಕೆ ಸೊಸೆ

ನಟಿ ಅವಿಕಾ ಗೋರ್ ಹುಟ್ಟಿದ್ದು 1997ರ ಜೂನ್ 30ರಂದು, ಮುಂಬೈಯಲ್ಲಿ. ಈ ತಾರೀಖನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವರ ಒಂದೊಂದು ಕೆಲಸದ ಬಗ್ಗೆ ಓದುವಾಗಲೂ ಆಗ ಅವರಿಗೆ ಎಷ್ಟು ವಯಸ್ಸು ಅಂತ ಲೆಕ್ಕ ಹಾಕುತ್ತಾ ಹೋಗಿ. ನಾನು ಹಾಗೆ ಲೆಕ್ಕ ಹಾಕಿದ ಮೇಲೇ ಇದನ್ನು ಬರೆಯಬೇಕು ಅನ್ನಿಸಿದ್ದು.

2008ರ ಜುಲೈ 21ರಂದು ಕಲರ್ಸ್ ಎಂಬ ಹೊಸ ಹಿಂದಿ ಚಾನೆಲ್ ಶುರುವಾಯಿತು. ಅದೇ ದಿನ ಅದರಲ್ಲಿ 'ಬಾಲಿಕಾ ವಧು' ಧಾರಾವಾಹಿ ಕೂಡ ಶುರುವಾಯಿತು. ಅವಿಕಾಗೆ ಹನ್ನೊಂದು ತುಂಬಿ ಇನ್ನೂ ತಿಂಗಳಾಗಿರಲಿಲ್ಲ. ರಾಜಸ್ಥಾನದ ಜೈತ್ಸರ್ ಎಂಬ ಊರಿನ ದೊಡ್ಡ ಮನೆಗೆ ಸೊಸೆಯಾಗಿ ಬರುವ ಪುಟ್ಟ ಹುಡುಗಿ ಆನಂದಿಯ ಪಾತ್ರ ಅವರದ್ದು. ಅವಳ ಗಂಡ ಜಗದೀಶನೂ ಇನ್ನೂ ಶಾಲೆಗೆ ಹೋಗುವ ಹುಡುಗ. ಆ ಪಾತ್ರ ಮಾಡಿದ್ದು ಅವಿನಾಶ್ ಮುಖರ್ಜಿ. ಮನೆಯವರೆಲ್ಲ ದಾದೀಸಾ ಎಂದು ಕರೆಯುವ ಯಜಮಾನಿ ಕಲ್ಯಾಣಿದೇವಿಯಾಗಿ ಸುರೇಖಾ ಸಿಕ್ರಿ.

ಆ ಕಾಲದ ಹಿಂದಿ ಧಾರಾವಾಹಿಗಳು ನೆನಪಿವೆಯಾ? ಮಲಗುವಾಗಲೂ ಒಡವೆ ಬಿಚ್ಚದ ಹೆಂಗಸರು, ಅತ್ತೆ ಸೊಸೆಯರ ಸಂಚು, ಒಂದು ಮಾತಿಗೆ ಮೂರು ಸಲ ಮುಖದ ಮೇಲೆ ಬಂದು ನಿಲ್ಲುವ ಕ್ಯಾಮೆರಾ. ಅಂಥದ್ದರ ನಡುವೆ ಹಳ್ಳಿ ಮನೆ, ಹಳ್ಳಿ ಶಾಲೆ, ಬಾಲವಿಧವೆಯಾದ ಗೆಳತಿ ಫೂಲಿ, ದುಡ್ಡು ಕೊಟ್ಟು ತಂದ ಸೊಸೆ ಗೆಹನಾ, ಇವರೆಲ್ಲ ಬಂದರು. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಲ್ಲಿ ಆಗಿತ್ತು, ಜಾರಿಗೆ ಬಂದದ್ದು 2007ರ ನವೆಂಬರ್‌ನಲ್ಲಿ. ಕಾಯ್ದೆ ಬಂದು ವರ್ಷ ಕಳೆಯುವ ಮೊದಲೇ ಅದೇ ವಿಷಯ ದಿನಾ ರಾತ್ರಿ ಮನೆಮನೆಗೆ ಬಂತು. ಹೊಸ ಚಾನೆಲ್ ಒಂದು ವರ್ಷದೊಳಗೆ ಸ್ಟಾರ್ ಪ್ಲಸ್ ಅನ್ನು ಹಿಂದೆ ಹಾಕಿತು. ಅದಕ್ಕೆ ಈ ಹುಡುಗಿಯ ಮುಖವೂ ಒಂದು ದೊಡ್ಡ ಕಾರಣ.

ಅವಿಕಾ ಏನು ಮಾಡುತ್ತಿದ್ದರು ಅನ್ನೋದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕಂದ್ರೆ ಬಾಲನಟಿ ಅಂದಕೂಡಲೇ 'ಕ್ಯೂಟ್' ಅಂದುಬಿಟ್ಟು ಮುಂದೆ ಹೋಗುತ್ತೇವೆ. ಆನಂದಿ ಬಾಯಿ ಮುಚ್ಚದ ಹುಡುಗಿ. ಎಲ್ಲದಕ್ಕೂ ಅವಳದ್ದೊಂದು ಪ್ರಶ್ನೆ. ಅದೇ ಹುಡುಗಿ ದಾದೀಸಾ ಎದುರು ಬಂದರೆ ಸೆರಗು ಎಳೆದುಕೊಂಡು ನಿಲ್ಲಬೇಕು. ಒಳಗಿನ ಪ್ರಶ್ನೆ ಹಾಗೇ ಇರಬೇಕು, ಬಾಯಿ ಮಾತ್ರ ಸುಮ್ಮನಿರಬೇಕು. ಅದನ್ನು ಅವಿಕಾ ಕಣ್ಣಲ್ಲೇ ತೋರಿಸುತ್ತಿದ್ದರು. ಎದುರಿಗಿದ್ದವರು ನ್ಯಾಷನಲ್ ಸ್ಕೂಲ್ ಆಫ್ ಡ್ರಾಮಾದಲ್ಲಿ ಪಳಗಿದ, ಆಗಲೇ ಎರಡು ರಾಷ್ಟ್ರಪ್ರಶಸ್ತಿ ಪಡೆದಿದ್ದ ಸುರೇಖಾ ಸಿಕ್ರಿ. ಆ ಗಂಟಲು, ಆ ನೋಟದ ಮುಂದೆ ದೊಡ್ಡವರೇ ಸಣ್ಣವರಾಗಿ ಕಾಣುತ್ತಿದ್ದರು. ಹನ್ನೊಂದು ವರ್ಷದ ಹುಡುಗಿ ಅಲ್ಲಿ ಕಳೆದುಹೋಗಲಿಲ್ಲ. ಇಬ್ಬರೂ ಎದುರುಬದುರಾದ ದೃಶ್ಯಗಳನ್ನು ಈಗ ನೋಡಿದರೂ ಅದು ಅದೃಷ್ಟದ ಮಾತಲ್ಲ, ಕೆಲಸ ಗೊತ್ತಿದ್ದವಳು ಮಾಡಿದ್ದು ಅಂತ ತಿಳಿಯುತ್ತದೆ.

ನಮ್ಮ ಮನೆ ಬಳ್ಳಾರಿಯಲ್ಲಿ. ಅಲ್ಲಿ ತೆಲುಗು ಚಾನೆಲ್ ಯಾರಿಗೂ ಹೊರಗಿನದಲ್ಲ. 'ಬಾಲಿಕಾ ವಧು' ತೆಲುಗಿಗೆ ಡಬ್ ಆಗಿ 'ಚಿನ್ನಾರಿ ಪೆಳ್ಳಿಕೂತುರು', ಅಂದರೆ ಪುಟ್ಟ ಮದುಮಗಳು, ಅಂತ ಮಾ ಟಿವಿಯಲ್ಲಿ ಬರುತ್ತಿತ್ತು. ಅಮ್ಮ ಅದನ್ನು ಒಂದು ದಿನವೂ ಬಿಡುತ್ತಿರಲಿಲ್ಲ. ಅಮ್ಮನಿಗೆ ಮದುವೆಯಾದಾಗ ಹದಿನಾರು ವರ್ಷ. ಧಾರಾವಾಹಿ ನೋಡುತ್ತಾ ತನ್ನ ಕಥೆ ಹೇಳಿಕೊಳ್ಳುವ ಸ್ವಭಾವ ಅವಳದ್ದಲ್ಲ. ಆದರೆ ರಾತ್ರಿಯ ದೃಶ್ಯ ಬಂದಾಗಲೆಲ್ಲ ಒಂದು ಮಾತು ಕೇಳುತ್ತಿದ್ದಳು: "ಈ ಮಗೂನ ಇಷ್ಟು ಹೊತ್ತಿನ ತನಕ ಎಬ್ಬಿಸಿ ಇಟ್ಟಿರ್ತಾರಾ?" ಆನಂದಿಗಾಗಿ ಅಳುತ್ತಿದ್ದವರು ಊರು ತುಂಬ ಇದ್ದರು. ಆ ಪಾತ್ರ ಮಾಡುವ ಹುಡುಗಿಯ ನಿದ್ದೆ ಬಗ್ಗೆ ಕೇಳಿದ್ದು, ನನಗೆ ಗೊತ್ತಿದ್ದಂತೆ, ಅಮ್ಮ ಒಬ್ಬಳೇ.

ಆ ಪ್ರಶ್ನೆ ಸರಿಯಾದದ್ದೇ. ದಿನಾ ಬರುವ ಧಾರಾವಾಹಿ ಅಂದ್ರೆ ವಾರಕ್ಕೆ ಐದು ಎಪಿಸೋಡ್, ಒಂದೊಂದೂ ಇಪ್ಪತ್ತು ನಿಮಿಷದ ಮೇಲೆ. ಸಿನಿಮಾದವರು ತಿಂಗಳುಗಟ್ಟಲೆ ತೆಗೆಯುವಷ್ಟು ಉದ್ದವನ್ನು ಟಿವಿಯವರು ಕೆಲವೇ ದಿನದಲ್ಲಿ ತೆಗೆಯಬೇಕು. ಒಂದಿಷ್ಟು ಎಪಿಸೋಡ್ ಮುಂಚಿತವಾಗಿ ಕೈಯಲ್ಲಿ ಇಟ್ಟುಕೊಳ್ಳೋದಕ್ಕೆ 'ಬ್ಯಾಂಕಿಂಗ್' ಅಂತಾರೆ. ಆ ಬ್ಯಾಂಕ್ ಖಾಲಿಯಾದ ವಾರ ಸೆಟ್ಟಿನಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ಹನ್ನೆರಡು ಗಂಟೆಯ ಶಿಫ್ಟ್ ಅನ್ನೋದು ಈ ಉದ್ಯಮದಲ್ಲಿ ಮಾಮೂಲಿ ಮಾತು. ಡೈಲಾಗ್ ಬಾಯಿಪಾಠ ಮಾಡಲು ಸಮಯ ಇರೋದಿಲ್ಲ, ಕ್ಯಾಮೆರಾ ಪಕ್ಕದಿಂದ ಪ್ರಾಂಪ್ಟಿಂಗ್ ಮಾಡ್ತಾರೆ, ಕೇಳಿಸಿಕೊಂಡು ಆ ಕ್ಷಣವೇ ಹೇಳಬೇಕು. ಕಥೆಯಲ್ಲಿ ಮಗುವೇ ಮುಖ್ಯ ಪಾತ್ರ ಆದರೆ ಹೆಚ್ಚು ಕಡಿಮೆ ಎಲ್ಲಾ ದೃಶ್ಯಕ್ಕೂ ಅದೇ ಮಗು ಬೇಕು. ಹೀಗೆ ಎರಡು ವರ್ಷ ನಡೆಯಿತು. ಶಾಲೆ, ಪರೀಕ್ಷೆ ಇದರ ಜೊತೆಗೇ ಸಾಗಬೇಕಿತ್ತು.

2010ರಲ್ಲಿ ಕಥೆಯಲ್ಲಿ 'ಲೀಪ್' ಬಂತು. ಟಿವಿ ನೋಡುವವರಿಗೆಲ್ಲ ಈ ಪದ ಗೊತ್ತು. ಒಂದು ಎಪಿಸೋಡಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕಥೆ ಹಲವು ವರ್ಷ ಮುಂದೆ ಜಿಗಿಯುತ್ತದೆ, ಮಕ್ಕಳು ದೊಡ್ಡವರಾಗುತ್ತಾರೆ. ಜನ ಮೆಚ್ಚಿಕೊಂಡ ಹುಡುಗಿ ಬೆಳೆಯುವ ತನಕ ಧಾರಾವಾಹಿ ಕಾಯಲಿಕ್ಕೆ ಆಗಲ್ಲ. ಟಿಆರ್‌ಪಿ ಕಾಯೋದಿಲ್ಲ. ದೊಡ್ಡ ಆನಂದಿಯಾಗಿ ಪ್ರತ್ಯೂಷಾ ಬ್ಯಾನರ್ಜಿ ಬಂದರು, ಅವರ ನಂತರ ತೋರಲ್ ರಾಸ್‌ಪುತ್ರ. ಧಾರಾವಾಹಿ 2016ರ ಜುಲೈ ಕೊನೆಯ ತನಕ ಎರಡು ಸಾವಿರಕ್ಕೂ ಜಾಸ್ತಿ ಎಪಿಸೋಡ್ ಓಡಿತು. ಪ್ರತ್ಯೂಷಾ ಅದೇ ವರ್ಷ ಏಪ್ರಿಲ್‌ನಲ್ಲಿ, ಇನ್ನೂ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ತೀರಿಹೋದರು. ಅವರ ಬದುಕಿನ ಬಗ್ಗೆ ಟಿವಿ ಚಾನೆಲ್‌ಗಳು ಆಗ ನಡೆಸಿದ ಚರ್ಚೆ ನೋಡಿ ನನಗೆ ತುಂಬಾ ನೋವಾಗಿತ್ತು. ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ.

ಲೀಪ್ ಆದಾಗ ಅವಿಕಾಗೆ ಹದಿಮೂರು. ದೇಶಕ್ಕೆಲ್ಲ ಗೊತ್ತಿರುವ ಮುಖ. ಹಾಗಾದ್ರೆ ಮುಂದೇನು?

ನನ್ನನ್ನು ತಡೆದು ನಿಲ್ಲಿಸಿದ್ದು ಅವರ ಮುಂದಿನ ಧಾರಾವಾಹಿ. 2011ರ ಏಪ್ರಿಲ್ 25ರಂದು ಅದೇ ಕಲರ್ಸ್‌ನಲ್ಲಿ 'ಸಸುರಾಲ್ ಸಿಮರ್ ಕಾ' ಶುರುವಾಯಿತು. ಸಿಮರ್ ಪಾತ್ರದಲ್ಲಿ ದೀಪಿಕಾ ಕಕ್ಕರ್, ಅವಳ ತಂಗಿ ರೋಲಿಯಾಗಿ ಅವಿಕಾ. ಅಕ್ಕ ಮದುವೆಯ ದಿನ ನೃತ್ಯ ಸ್ಪರ್ಧೆಗೆ ಹೋಗುತ್ತಾಳೆ, ತಂಗಿ ಅವಳ ಜಾಗದಲ್ಲಿ ಮಂಟಪದಲ್ಲಿ ಕೂರುತ್ತಾಳೆ. ಕಥೆ ಹಬ್ಬುವುದೇ ಅಲ್ಲಿಂದ. ಮುಂದೆ ರೋಲಿ ಅದೇ ಮನೆಯ ಇನ್ನೊಬ್ಬ ಮಗ ಸಿದ್ಧಾಂತನ ಹೆಂಡತಿಯಾಗುತ್ತಾಳೆ. ಸಿದ್ಧಾಂತನ ಪಾತ್ರ ಮಾಡಿದ ಮನೀಶ್ ರಾಯ್‌ಸಿಂಘನ್ ಅವಿಕಾಗಿಂತ ಸುಮಾರು ಹದಿನೆಂಟು ವರ್ಷ ದೊಡ್ಡವರು.

ಈಗ ಲೆಕ್ಕ ಹಾಕಿ. ಧಾರಾವಾಹಿ ಶುರುವಾದಾಗ ಅವಿಕಾಗೆ ಹದಿನಾಲ್ಕು ತುಂಬಲು ಎರಡು ತಿಂಗಳು ಬಾಕಿ. ಸೀರೆ, ಸಿಂಧೂರ, ಮಾಂಗಲ್ಯ, ಗಂಡನ ಜೊತೆ ಮುನಿಸು, ಅತ್ತೆಮನೆಯ ಜವಾಬ್ದಾರಿ. ಚಿಕ್ಕ ಹುಡುಗಿಗೆ ಮದುವೆ ಮಾಡೋದು ಎಷ್ಟು ದೊಡ್ಡ ತಪ್ಪು ಅಂತ ಯಾವ ಹುಡುಗಿಯ ಮುಖ ತೋರಿಸಿ ಹೇಳಿದರೋ, ಆ ಹುಡುಗಿಗೇ ಮೂರು ವರ್ಷದೊಳಗೆ ಸೊಸೆಯ ಪಾತ್ರ ಕೊಟ್ಟರು. ಅದೇ ಚಾನೆಲ್, ಅದೇ ಪ್ರೇಕ್ಷಕರು. ನಾವ್ಯಾರೂ ಕೇಳಲಿಲ್ಲ. ಅಮ್ಮನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕಥೆಯಲ್ಲಿ ರೋಲಿ ದೊಡ್ಡ ಹುಡುಗಿ, ಆದ್ದರಿಂದ ಅವಿಕಾನೂ ದೊಡ್ಡ ಹುಡುಗಿ ಅಂತ ಎಲ್ಲರೂ ಒಪ್ಪಿಕೊಂಡೆವು.

ಇದನ್ನು ಬರೆಯುವಾಗ ಒಂದು ಎಚ್ಚರಿಕೆ ಇಟ್ಟುಕೊಂಡಿದ್ದೇನೆ. ಅವಿಕಾ ಎಲ್ಲೂ ತಮ್ಮನ್ನು ನೊಂದವಳು ಅಂತ ಹೇಳಿಕೊಂಡವರಲ್ಲ. ಆ ದಿನಗಳ ಬಗ್ಗೆ ಪ್ರೀತಿಯಿಂದಲೇ ಮಾತಾಡುತ್ತಾರೆ. ಮನೀಶ್ ಅವರನ್ನು ಒಳ್ಳೆಯ ಗೆಳೆಯ, ತಾನು ತುಂಬಾ ಕಲಿತ ಹಿರಿಯ ಅಂತ ನೆನೆಯುತ್ತಾರೆ. ಅದನ್ನು ಅಲ್ಲಗಳೆಯಲು ನಾನ್ಯಾರು? ಯಾರೋ ಒಬ್ಬ ವ್ಯಕ್ತಿ ತಪ್ಪು ಮಾಡಿದ ಅಂತಲೂ ನಾನು ಹೇಳುತ್ತಿಲ್ಲ. ನನ್ನ ಮಾತು ಇಷ್ಟೇ: ಟಿವಿ ಹೆಣ್ಣುಮಕ್ಕಳನ್ನು ನಿನಗೆ ಎಷ್ಟು ವಯಸ್ಸು ಅಂತ ಕೇಳೋದಿಲ್ಲ, ಎಷ್ಟು ವಯಸ್ಸಿನವಳಂತೆ ಕಾಣಿಸಬಲ್ಲೆ ಅಂತ ಕೇಳುತ್ತದೆ. ಗಂಡುಮಕ್ಕಳಿಗೆ ಆ ಅವಸರ ಇಲ್ಲ. ಹದಿನಾಲ್ಕರ ಹುಡುಗನನ್ನು ಮೂವತ್ತರ ಹೆಂಗಸಿನ ಗಂಡ ಅಂತ ಯಾವ ಧಾರಾವಾಹಿಯಾದರೂ ವರ್ಷಗಟ್ಟಲೆ, ಯಾರ ಹುಬ್ಬೂ ಏರದ ಹಾಗೆ ನಡೆಸಿಕೊಂಡು ಹೋಗಲು ಸಾಧ್ಯವಾ?

ಕನ್ನಡದಲ್ಲೂ ಇದು ಹೊಸದಲ್ಲ. ಬಾಲನಟಿಯಾಗಿದ್ದ ಅಮೂಲ್ಯ 2007ರಲ್ಲಿ 'ಚೆಲುವಿನ ಚಿತ್ತಾರ'ದಲ್ಲಿ ಗಣೇಶ್ ಎದುರು ನಾಯಕಿಯಾದಾಗ ಅವರಿಗೆ ಹದಿನಾಲ್ಕರ ಆಸುಪಾಸು. ಆ ಸಿನಿಮಾವನ್ನು ನಾವೆಲ್ಲ ಮುಗಿಬಿದ್ದು ನೋಡಿದೆವು. ಐಸು ಅಂತ ಆ ಹುಡುಗಿಯನ್ನು ಮನೆಮಗಳ ಹಾಗೆ ಹಚ್ಚಿಕೊಂಡೆವು. ಅವರ ವಯಸ್ಸಿನ ಬಗ್ಗೆ ಆಗ ಬಂದ ಮಾತೆಲ್ಲ ಮೆಚ್ಚುಗೆಯದ್ದೇ, ಇಷ್ಟು ಚಿಕ್ಕವಳು ಎಷ್ಟು ಚೆನ್ನಾಗಿ ಮಾಡಿದ್ದಾಳೆ ಅಂತ.

ಕಾನೂನು ಏನು ಹೇಳುತ್ತದೆ ಅಂತ ಹುಡುಕಿಕೊಂಡು ಹೋದೆ. ಅವಿಕಾ ಕೆಲಸ ಶುರು ಮಾಡಿದಾಗ ಇದ್ದದ್ದು 1986ರ ಬಾಲಕಾರ್ಮಿಕ ಕಾಯ್ದೆ. 2016ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಬಂತು. ಹದಿನಾಲ್ಕು ತುಂಬದ ಮಕ್ಕಳು ಯಾವ ಕೆಲಸವನ್ನೂ ಮಾಡುವಂತಿಲ್ಲ ಅಂತ ಹೇಳಿ ಎರಡು ವಿನಾಯಿತಿ ಇಟ್ಟರು. ಒಂದು, ಶಾಲೆಗೆ ತೊಂದರೆಯಾಗದಂತೆ ಮನೆಯವರ ಕಸುಬಿಗೆ ನೆರವಾಗುವುದು. ಇನ್ನೊಂದು, ಸಿನಿಮಾ, ಟಿವಿ, ಜಾಹೀರಾತಿನಂಥ ಕಡೆ ಕಲಾವಿದರಾಗಿ ಕೆಲಸ ಮಾಡುವುದು. 2017ರಲ್ಲಿ ಬಂದ ನಿಯಮಗಳು ಇನ್ನಷ್ಟು ಬಿಡಿಸಿ ಹೇಳುತ್ತವೆ. ಮಗು ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡಬಾರದು. ಬಿಡುವಿಲ್ಲದೆ ಮೂರು ಗಂಟೆ ದಾಟಬಾರದು. ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಐದು ಮಕ್ಕಳಿಗೆ ಒಬ್ಬರಾದರೂ ಜವಾಬ್ದಾರಿ ಹೊತ್ತ ದೊಡ್ಡವರು ಇರಬೇಕು. ಒಂದೇ ಸಮನೆ 27 ದಿನಕ್ಕಿಂತ ಜಾಸ್ತಿ ಕೆಲಸ ಮಾಡಿಸಬಾರದು. ಮಗುವಿನ ಸಂಪಾದನೆಯಲ್ಲಿ ಶೇಕಡಾ 20 ಭಾಗವನ್ನಾದರೂ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಠೇವಣಿ ಇಡಬೇಕು, ದೊಡ್ಡವರಾದ ಮೇಲೆ ಅದು ಅವರ ಕೈಗೆ ಸೇರಬೇಕು.

ಒಳ್ಳೆಯ ನಿಯಮಗಳು. ಠೇವಣಿ ನಿಯಮ ಓದಿದಾಗ ನಿಜಕ್ಕೂ ಸಮಾಧಾನವಾಯಿತು. ಆದರೆ ಇದೆಲ್ಲ ಹದಿನಾಲ್ಕರ ತನಕ ಮಾತ್ರ. ಹದಿನಾಲ್ಕರಿಂದ ಹದಿನೆಂಟರವರೆಗಿನವರನ್ನು ಅದೇ ಕಾಯ್ದೆ ಬೇರೆ ಗುಂಪಿಗೆ ಹಾಕುತ್ತದೆ. ಅವರನ್ನು ಗಣಿಯಲ್ಲಿ, ಸಿಡಿಮದ್ದಿನ ಹತ್ತಿರ, ಅಪಾಯದ ಕೈಗಾರಿಕೆಯಲ್ಲಿ ದುಡಿಸಬಾರದು ಅನ್ನುತ್ತದೆ. ಧಾರಾವಾಹಿ ಸೆಟ್ಟು ಆ ಪಟ್ಟಿಯಲ್ಲಿಲ್ಲ. ಅಂದರೆ ಹುಟ್ಟುಹಬ್ಬದ ಹಿಂದಿನ ದಿನದವರೆಗೆ ಐದು ಗಂಟೆಯ ರಕ್ಷಣೆ ಇದ್ದ ಹುಡುಗಿಗೆ ಮರುದಿನದಿಂದ ಆ ನಿಯಮ ಇಲ್ಲ. ಯಾವ ವಯಸ್ಸಿನಲ್ಲಿ ಹೆಣ್ಣುಮಕ್ಕಳನ್ನು ದೊಡ್ಡವರ ಪಾತ್ರಕ್ಕೆ ತಳ್ಳುತ್ತಾರೋ, ಸರಿಯಾಗಿ ಅದೇ ವಯಸ್ಸಿಗೆ ಈ ನಿಯಮ ಕೈಬಿಡುತ್ತದೆ. ರೋಲಿಯ ಪಾತ್ರ ಇವತ್ತು ಶುರುವಾದರೂ ಒಂದೆರಡು ತಿಂಗಳು ಕಳೆದರೆ ಸಾಕು, ಈ ನಿಯಮಗಳಲ್ಲಿ ಹೆಚ್ಚಿನವು ಅನ್ವಯಿಸೋದೇ ಇಲ್ಲ.

ರೋಲಿ 2016ರ ತನಕ ನಡೆಯಿತು. ಅಂದರೆ ಹದಿಹರೆಯ ಪೂರ್ತಿ ಸೊಸೆಯ ವೇಷದಲ್ಲೇ ಹೋಯಿತು. ಅದರ ನಡುವೆಯೇ ಹೈದರಾಬಾದಿನ ಕರೆ ಬಂತು. ಅದಕ್ಕೆ ಕಾರಣ ನಮ್ಮಮ್ಮನಂಥವರು. 'ಚಿನ್ನಾರಿ ಪೆಳ್ಳಿಕೂತುರು' ಎಷ್ಟು ಮನೆಮಾತಾಗಿತ್ತೆಂದರೆ ತೆಲುಗು ಪ್ರೇಕ್ಷಕರಿಗೆ ಅವಿಕಾರನ್ನು ಹೊಸದಾಗಿ ಪರಿಚಯಿಸುವ ಅಗತ್ಯವೇ ಇರಲಿಲ್ಲ. 2013ರ ಡಿಸೆಂಬರ್‌ನಲ್ಲಿ 'ಉಯ್ಯಾಲ ಜಂಪಾಲ' ಬಂತು. ರಾಜ್ ತರುಣ್‌ಗೆ ನಾಯಕನಾಗಿ ಅದು ಮೊದಲ ಸಿನಿಮಾ. ಗೋದಾವರಿ ಸೀಮೆಯ ಹಳ್ಳಿ, ಚಿಕ್ಕಂದಿನಿಂದ ಜಗಳವಾಡುತ್ತಾ ಬೆಳೆದ ಸೋದರ ಸಂಬಂಧದ ಹುಡುಗ ಹುಡುಗಿ. ಅವಿಕಾಗೆ ಆಗ ಹದಿನಾರು. ನನಗೆ ಅವರ ಕೆಲಸಗಳಲ್ಲಿ ತುಂಬಾ ಇಷ್ಟವಾದದ್ದು ಇದೇ. ಕಾರಣವನ್ನೂ ಹೇಳುತ್ತೇನೆ. ಅಲ್ಲಿ ಅವರು ನಗುವಾಗ, ಸಿಡುಕುವಾಗ, ಸೈಕಲ್ ತುಳಿಯುವ ಹುಡುಗಿಯ ಓಡಾಟದಲ್ಲಿ, ಮೊದಲ ಸಲ ತಮ್ಮ ವಯಸ್ಸಿನ ಹತ್ತಿರ ಹತ್ತಿರ ಇದ್ದಾರೆ ಅನ್ನಿಸುತ್ತದೆ.

ಈ ಸಿನಿಮಾ 2016ರಲ್ಲಿ ಕನ್ನಡಕ್ಕೆ 'ಕೃಷ್ಣ ರುಕ್ಕು' ಆಗಿ ಬಂತು. ಅಜಯ್ ರಾವ್ ನಾಯಕ. ತೆಲುಗಿನಲ್ಲಿ ಅವಿಕಾ ಮಾಡಿದ ಪಾತ್ರವನ್ನು ಇಲ್ಲಿ ಮಾಡಿದ್ದು ಅಮೂಲ್ಯ. ಇಬ್ಬರೂ ಬಾಲನಟಿಯರು, ಇಬ್ಬರನ್ನೂ ಹದಿನಾಲ್ಕಕ್ಕೇ ದೊಡ್ಡವರ ಸಾಲಿಗೆ ಸೇರಿಸಿದ್ದರು, ಇಬ್ಬರಿಗೂ ಒಂದೇ ಪಾತ್ರ. ಯಾರೂ ಯೋಚಿಸಿ ಮಾಡಿದ್ದಲ್ಲ ಇದು. ಆದರೂ ನನಗೆ ತಮಾಷೆಯ ವಿಷಯ ಅಂತ ಬಿಟ್ಟುಬಿಡಲು ಮನಸ್ಸಾಗಲಿಲ್ಲ.

ಕನ್ನಡದ ನೇರ ನಂಟು ಇನ್ನೊಂದಿದೆ. ಕಿಶನ್ ಶ್ರೀಕಾಂತ್ ನೆನಪಿದ್ದಾರಾ? 'ಪಾಪ ಪಾಂಡು' ಧಾರಾವಾಹಿಯಲ್ಲಿ ನಟಿಸುತ್ತಿದ್ದ ಹುಡುಗ. ಹತ್ತರ ಆಸುಪಾಸಿನಲ್ಲೇ 'ಕೇರ್ ಆಫ್ ಫುಟ್‌ಪಾತ್' ನಿರ್ದೇಶಿಸಿ ಗಿನ್ನೆಸ್ ದಾಖಲೆಗೆ ಸೇರಿದರು. ಅದಕ್ಕೆ ಮಕ್ಕಳ ಚಿತ್ರ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿಯೂ ಬಂತು. 2015ರಲ್ಲಿ ಅವರು ಅದರ ಎರಡನೇ ಭಾಗ ಮಾಡಿದಾಗ ನಾಯಕಿಯಾಗಿ ಬಂದದ್ದು ಅವಿಕಾ. ಬಾಲಾಪರಾಧಿಗಳ ಕಥೆ. ಚಿಕ್ಕಂದಿನಿಂದ ಕ್ಯಾಮೆರಾ ಮುಂದೆಯೇ ಬೆಳೆದ ಇಬ್ಬರು ಸೇರಿ, ಬಾಲ್ಯ ಕೈತಪ್ಪಿದ ಮಕ್ಕಳ ಬಗ್ಗೆ ಸಿನಿಮಾ ಮಾಡಿದ್ದರು. ಸಿನಿಮಾ ದೊಡ್ಡ ಸದ್ದು ಮಾಡಲಿಲ್ಲ. ಆ ಇಬ್ಬರನ್ನು ಒಟ್ಟಿಗೆ ಕೂರಿಸಿ ಯಾರಾದರೂ ಬಾಲ್ಯದ ಬಗ್ಗೆ ಒಂದು ದೀರ್ಘ ಸಂದರ್ಶನ ಮಾಡಬೇಕು ಅಂತ ನನಗೆ ಇವತ್ತಿಗೂ ಆಸೆ.

ಹಾಗೆ ನೋಡಿದರೆ ಆನಂದಿ ಕನ್ನಡಕ್ಕೆ ಡಬ್ ಆಗಿ ಬರಲೇ ಇಲ್ಲ. ನಮ್ಮಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಚಿತ್ರರಂಗದ, ಟಿವಿ ರಂಗದ ವಿರೋಧ ಇತ್ತು. ಅದು ಸರಿಯೋ ತಪ್ಪೋ ಅನ್ನೋ ಚರ್ಚೆ ಬೇರೆ. ಆದರೆ ಅದರ ಫಲವಾಗಿ ಅದೇ ಕಥೆ ಹೊಸದಾಗಿ ಕನ್ನಡದಲ್ಲಿ ಹುಟ್ಟಿತು. 2012ರ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡದಲ್ಲಿ 'ಪುಟ್ಟಗೌರಿ ಮದುವೆ' ಬಂತು. ಅದೇ ಚಾನೆಲ್ ಆಮೇಲೆ ಕಲರ್ಸ್ ಕನ್ನಡ ಆಯಿತು. ಡಬ್ ಮಾಡಿದ್ದರೆ ಅವಿಕಾಗೆ ಯಾರದ್ದೋ ಕನ್ನಡದ ದನಿ ಕೂಡಿಸಿ ಮುಗಿಸುತ್ತಿದ್ದರು. ಡಬ್ ಮಾಡದ ಕಾರಣ ನಮ್ಮದೇ ಒಬ್ಬ ಪುಟ್ಟ ಹುಡುಗಿಗೆ ಆ ಪಾತ್ರ ಸಿಕ್ಕಿತು. ಅವರೇ ಸಾನ್ಯ ಅಯ್ಯರ್.

ಸಾನ್ಯ ಮಾಡಿದ ಗೌರಿಯನ್ನು ಆನಂದಿಯ ನಕಲು ಅನ್ನಲು ನನ್ನಿಂದ ಆಗುವುದಿಲ್ಲ. ಆ ಗೌರಿಯ ಮಾತಿನಲ್ಲಿ ನಮ್ಮ ಹಳ್ಳಿ ಹುಡುಗಿಯರ ಹಠ ಇತ್ತು. ಅಜ್ಜಮ್ಮನ ಪಾತ್ರದ ಚಂದ್ರಕಲಾ ಮೋಹನ್ ಎದುರು ನಿಂತಾಗ ಆ ಪುಟ್ಟ ಮುಖದಲ್ಲಿ ಹೆದರಿಕೆ, ಪ್ರೀತಿ ಎರಡೂ ಕಾಣುತ್ತಿದ್ದವು. ಆ ಕಥೆ ಇಲ್ಲಿ ಬರೀ ಕಥೆಯಾಗಿಯೂ ಇರಲಿಲ್ಲ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಬಾಲ್ಯವಿವಾಹ ಇವತ್ತಿಗೂ ಅಧಿಕಾರಿಗಳು ಹೋಗಿ ನಿಲ್ಲಿಸಬೇಕಾದ ಸಂಗತಿ. ಬಾಲ್ಯವಿವಾಹ ಆದರೂ ಅದು ಮೊದಲಿಂದಲೇ ಅಸಿಂಧು ಅಂತ ನಮ್ಮ ರಾಜ್ಯವೇ ಕಾಯ್ದೆಗೆ ತಿದ್ದುಪಡಿ ತಂದುಕೊಂಡಿದೆ.

ಇಲ್ಲೂ ಲೀಪ್ ಬಂತು. ದೊಡ್ಡ ಗೌರಿಯಾಗಿ ರಂಜನಿ ರಾಘವನ್ ಬಂದು, ವರ್ಷಗಳ ಕಾಲ ನಡೆಸಿ, ಮುಂದೆ 'ಕನ್ನಡತಿ'ಯಂಥ ಧಾರಾವಾಹಿಯಿಂದ ತಮ್ಮದೇ ಹೆಸರು ಮಾಡಿಕೊಂಡರು. ಸಾನ್ಯ ಪಾತ್ರದಿಂದ ಹೊರಗೆ ಹೋದರು. ಅವರು ಮತ್ತೆ ಎಲ್ಲರ ಕಣ್ಣಿಗೆ ಬಿದ್ದದ್ದು 2022ರಲ್ಲಿ, ಬಿಗ್ ಬಾಸ್ ಕನ್ನಡದ ಓಟಿಟಿ ಆವೃತ್ತಿಯಲ್ಲಿ. ಅಲ್ಲಿಂದ ಒಂಬತ್ತನೇ ಸೀಸನ್‌ಗೂ ಹೋದರು. ಆಗಲೂ ಪತ್ರಿಕೆಗಳು, ವೆಬ್‌ಸೈಟ್‌ಗಳು 'ಪುಟ್ಟಗೌರಿ ಖ್ಯಾತಿಯ ಸಾನ್ಯ' ಅಂತಲೇ ಬರೆದವು. ಜೊತೆಗೆ 'ಪುಟ್ಟಗೌರಿ ಹೀಗಾಗಿಬಿಟ್ಟಳಾ' ಎಂಬ ಕಾಮೆಂಟುಗಳು. ಬಟ್ಟೆ, ಮಾತು, ನಗು ಎಲ್ಲದಕ್ಕೂ ಲೆಕ್ಕ ಕೇಳುವವರು. ಹತ್ತು ವರ್ಷದಲ್ಲಿ ಒಬ್ಬ ಹುಡುಗಿ ಬೆಳೆಯುತ್ತಾಳೆ ಅನ್ನೋದು ಜನರಿಗೆ ಅಷ್ಟೊಂದು ಆಶ್ಚರ್ಯ ಯಾಕೆ ಆಗಬೇಕು? 2024ರ ಆಗಸ್ಟ್‌ನಲ್ಲಿ ಇಂದ್ರಜಿತ್ ಲಂಕೇಶ್ ನಿರ್ದೇಶನದ ಸಿನಿಮಾದಲ್ಲಿ ಅವರು ನಾಯಕಿಯಾದರು. ಆ ಸಿನಿಮಾದ ಹೆಸರೂ 'ಗೌರಿ'.

ನಟಿ ಚಿಕ್ಕವಳಾಗಿದ್ದಾಗ ನಾವು ಅವಳನ್ನು ಬೇಗ ದೊಡ್ಡವಳಾಗು ಅಂತೇವೆ. ದೊಡ್ಡವಳಾದ ಮೇಲೆ ಚಿಕ್ಕವಳಾಗೇ ಇರು ಅಂತೇವೆ. ಎರಡನ್ನೂ ಹೇಳುವವರು ಒಬ್ಬರೇ, ಅಲ್ವಾ?

ಅವಿಕಾ ಈ ಎರಡನೆಯದನ್ನು ಎದುರಿಸಿದ ರೀತಿ ನನಗೆ ಮೆಚ್ಚುಗೆಯಾಗಿದೆ. 2016ರಲ್ಲಿ ರೋಲಿಯ ಪಾತ್ರ ಬಿಟ್ಟರು. ತೆಲುಗಿನಲ್ಲಿ 'ಸಿನಿಮಾ ಚೂಪಿಸ್ತ ಮಾವ', 'ಎಕ್ಕಡಿಕಿ ಪೋತಾವು ಚಿನ್ನವಾಡಾ' ಗೆದ್ದಿದ್ದವು. 2017ರಲ್ಲಿ 'ಲಾಡೋ' ಎಂಬ ಹಿಂದಿ ಧಾರಾವಾಹಿಯ ಎರಡನೇ ಭಾಗದಲ್ಲಿ ನಟಿಸಿದರು. 2019ರಲ್ಲಿ 'ಖತ್ರೋಂ ಕೆ ಖಿಲಾಡಿ' ಎಂಬ ಸಾಹಸದ ರಿಯಾಲಿಟಿ ಶೋಗೆ ಹೋದರು. ಎಲ್ಲವೂ ಸರಿಯಾಗೇ ನಡೆದಿದೆ ಅಂತ ಹೊರಗಿನವರಿಗೆ ಕಾಣುತ್ತಿತ್ತು. 2020ರ ಅಕ್ಟೋಬರ್‌ನಲ್ಲಿ ಅವರು ಇನ್‌ಸ್ಟಾಗ್ರಾಂನಲ್ಲಿ ಒಂದು ದೀರ್ಘ ಬರಹ ಹಾಕಿದರು. ಹಿಂದಿನ ವರ್ಷ ಒಂದು ರಾತ್ರಿ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು ಅತ್ತುಬಿಟ್ಟಿದ್ದು, ತಮ್ಮ ಕೈಕಾಲು ಹೊಟ್ಟೆ ಯಾವುದೂ ತಮಗೆ ಇಷ್ಟವಾಗದೆ ಹೋದದ್ದು, ತಮ್ಮ ಮೈಯನ್ನು ಇಷ್ಟು ದಿನ ತಾವೇ ನೋಡಿಕೊಂಡಿರಲಿಲ್ಲ ಅಂತ ಅನ್ನಿಸಿದ್ದು, ಎಲ್ಲವನ್ನೂ ಬರೆದರು. ತಪ್ಪನ್ನು ಕಾಯಿಲೆಯ ಮೇಲೆ ಹಾಕಲಿಲ್ಲ, ಬೇರೆಯವರ ಮೇಲೂ ಹಾಕಲಿಲ್ಲ. ಸರಿಯಾಗಿ ತಿನ್ನಲು ಕಲಿತದ್ದು, ವ್ಯಾಯಾಮ, ನೃತ್ಯ, ನಡುವೆ ಎಡವಿದ್ದು, ಇವನ್ನೂ ಹೇಳಿದರು.

ಆ ಬರಹವನ್ನು ಸುದ್ದಿಮನೆಗಳು ತೂಕ ಇಳಿಸಿದ ಕಥೆಯಾಗಿ ಮಾತ್ರ ಮಾರಿಕೊಂಡವು. ಮೊದಲಿನ ಫೋಟೋ, ಈಗಿನ ಫೋಟೋ ಅಕ್ಕಪಕ್ಕ. ನಾನು ಅದನ್ನು ಬೇರೆ ಥರ ಓದಿದೆ. ಹನ್ನೊಂದನೇ ವಯಸ್ಸಿನಿಂದ ಇನ್ನೊಬ್ಬರು ಉಡಿಸಿದ್ದನ್ನು ಉಟ್ಟು, ಇನ್ನೊಬ್ಬರು ಹೇಳಿದ ವಯಸ್ಸಿಗೆ ತಕ್ಕಂತೆ ಕಂಡ ಮೈ ಅದು. ಲಂಗ, ಆಮೇಲೆ ಸೀರೆ. ಹದಿಹರೆಯದಲ್ಲಿ ಎಲ್ಲ ಹುಡುಗಿಯರ ಮೈಯೂ ಬದಲಾಗುತ್ತದೆ. ನಮ್ಮದು ಮನೆಯೊಳಗೆ ಬದಲಾಯಿತು, ಅವರದ್ದು ಕೋಟ್ಯಂತರ ಜನರ ಮುಂದೆ. ಇಪ್ಪತ್ತೆರಡಕ್ಕೆ ಕನ್ನಡಿ ಮುಂದೆ ನಿಂತು ತನ್ನನ್ನು ತಾನೇ ನೋಡಿಕೊಳ್ಳೋದು ಅವರಿಗೆ ಅಷ್ಟು ಕಷ್ಟವಾಗಿದ್ದರೆ ಅದಕ್ಕೆ ಊಟ ವ್ಯಾಯಾಮ ಬಿಟ್ಟು ಬೇರೆ ಕಾರಣಗಳೂ ಇರಬಹುದು ಅಂತ ನನಗನ್ನಿಸುತ್ತದೆ. ಇದು ನನ್ನ ಊಹೆ, ಅವರು ಹೇಳಿದ ಮಾತಲ್ಲ. ಬಣ್ಣ ಬಿಳಿ ಮಾಡುವ ಕ್ರೀಮಿನ ಜಾಹೀರಾತುಗಳನ್ನು ಬೇಡ ಅಂದಿದ್ದಾಗಿಯೂ ಅವರು ಹೇಳಿಕೊಂಡಿದ್ದಾರೆ. ದುಡ್ಡು ಬರುವ ಕೆಲಸವನ್ನು ಬಿಡೋದು ಈ ಉದ್ಯಮದಲ್ಲಿ ಸುಲಭವಲ್ಲ.

ಆಮೇಲಿನ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2023ರಲ್ಲಿ ಕೃಷ್ಣಾ ಭಟ್ ನಿರ್ದೇಶನದ '1920: ಹಾರರ್ಸ್ ಆಫ್ ದ ಹಾರ್ಟ್'. ಅದು ನನಗೆ ಅಷ್ಟಾಗಿ ಹಿಡಿಸಲಿಲ್ಲ, ಆದರೆ ಇಡೀ ಸಿನಿಮಾದ ಭಾರ ಅವರ ಮೇಲೆಯೇ ಇತ್ತು, ಅದನ್ನು ಹೊತ್ತಿದ್ದಾರೆ. ಅದೇ ವರ್ಷ 'ಪಾಪ್‌ಕಾರ್ನ್' ಎಂಬ ತೆಲುಗು ಸಿನಿಮಾದಲ್ಲಿ ನಿರ್ಮಾಣದಲ್ಲೂ ಕೈಜೋಡಿಸಿದರು. ಇದು ನನಗೆ ದೊಡ್ಡ ವಿಷಯ. ಅಷ್ಟು ವರ್ಷ ಕಾಲ್‌ಶೀಟಿಗೆ ಕಾದವರು ಕಾಲ್‌ಶೀಟ್ ಬರೆಯುವ ಕಡೆಗೆ ಬಂದರು. 2023ರ ಕೊನೆಯಲ್ಲಿ 'ವಧುವು' ಎಂಬ ತೆಲುಗು ವೆಬ್ ಸರಣಿ ಬಂತು. ಇಪ್ಪತ್ತಾರು ವರ್ಷದ ಅವಿಕಾ ಅದರಲ್ಲಿ ಮದುಮಗಳ ಪಾತ್ರ ಮಾಡಿದರು. ಆ ಪಾತ್ರ ಅಷ್ಟರ ಮಟ್ಟಿಗೆ ಅವರ ವಯಸ್ಸಿಗೆ ಕೊನೆಗೂ ಸರಿಹೊಂದಿತು.

2025ರ ಸೆಪ್ಟೆಂಬರ್ 30ರಂದು ಅವರು ಮಿಲಿಂದ್ ಚಂದ್ವಾನಿಯವರನ್ನು ಮದುವೆಯಾದರು. ಮದುವೆ ನಡೆದದ್ದು ಕಲರ್ಸ್ ಚಾನೆಲ್ಲಿನ ರಿಯಾಲಿಟಿ ಶೋ ಸೆಟ್ಟಿನಲ್ಲಿ. ಇದನ್ನು ಟೀಕಿಸಿದವರು ತುಂಬಾ ಜನ. ಸ್ವಂತ ಮದುವೆಯನ್ನೂ ಟಿವಿಗೆ ಕೊಡಬೇಕಾ ಅಂತ ಕೇಳಿದರು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಅವರ ಜಾಗದಲ್ಲಿ ನಿಂತು ನೋಡಿದೆ. ಆ ಚಾನೆಲ್ಲಿನ ಮೊದಲ ದಿನದಿಂದ ಅವರು ಅಲ್ಲಿದ್ದಾರೆ. ಬೇರೆಯವರು ಬರೆದ ಮದುವೆಗಳಲ್ಲಿ ಅಲ್ಲಿ ಎಷ್ಟೋ ಸಲ ಕೂತಿದ್ದಾರೆ. ಈ ಸಲ ಹುಡುಗನನ್ನು ಆರಿಸಿಕೊಂಡದ್ದು ಅವರು, ಎಲ್ಲಿ ಮದುವೆಯಾಗಬೇಕು ಅಂತ ಒಪ್ಪಿಕೊಂಡದ್ದೂ ಅವರು, ಇಪ್ಪತ್ತೆಂಟನೇ ವಯಸ್ಸಿನಲ್ಲಿ. ಅಮ್ಮ ಫೋನಿನಲ್ಲಿ ಆ ತುಣುಕು ನೋಡಿ "ಪೆಳ್ಳಿಕೂತುರು ಮದುವೆ ಆಯ್ತಂತೆ" ಅಂತ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಳು.

ಇವತ್ತೂ ಕನ್ನಡದ ಧಾರಾವಾಹಿಗಳಲ್ಲಿ ಮಕ್ಕಳಿದ್ದಾರೆ. ಕೆಲವರು ತುಂಬಾ ಚೆನ್ನಾಗಿ ಮಾಡುತ್ತಿದ್ದಾರೆ. ಅವರ ಬಗ್ಗೆ ನನ್ನ ಬೇಡಿಕೆ ಎರಡೇ. ಐದು ಗಂಟೆಯ ನಿಯಮ, ಠೇವಣಿಯ ನಿಯಮ ಹದಿನಾಲ್ಕಕ್ಕೆ ನಿಲ್ಲಬಾರದು, ಹದಿನೆಂಟರ ತನಕ ನಡೆಯಬೇಕು. ಹದಿನೆಂಟು ತುಂಬದ ಹುಡುಗಿಗೆ ಹೆಂಡತಿಯ ಪಾತ್ರ ಕೊಡುವ ಮುಂಚೆ ಅವಳಿಗೆ ನಿಜವಾಗಿ ಎಷ್ಟು ವಯಸ್ಸು ಅಂತ ಚಾನೆಲ್ ತೆರೆಯ ಮೇಲೆಯೇ ಬರೆದು ತೋರಿಸಬೇಕು. ಸಿಗರೇಟು ಸೇದುವ ದೃಶ್ಯಕ್ಕೆ ಕೆಳಗೆ ಒಂದು ಸಾಲು ಬರುತ್ತದಲ್ಲ, ಅಲ್ಲೇ ಜಾಗ ಇದೆ.